ಬೀಗದ ನಂಬರು ಕಳ್ಳನಿಗೆ ಗೊತ್ತು, ಯಜಮಾನನಿಗೆ ಗೊತ್ತಿಲ್ಲ!

ಶಿಕಾರಿಪುರ-ಸೊರಬ: ಅಂಗಡಿ ಇಟ್ಟವನಿಗೆ ರಾತ್ರಿಯಾದರೆ ಒಂದೇ ಚಿಂತೆ. ಷಟರ್ ಎಳೆದು, ಎರಡೂ ಕಡೆ ಬೀಗ ಜಡಿದು, ಒಮ್ಮೆ ಜಗ್ಗಿ ನೋಡುತ್ತಾನೆ. ನಾಲ್ಕು ಹೆಜ್ಜೆ ಹೋದವನು ಮತ್ತೆ ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತಾನೆ. ಶಿಕಾರಿಪುರದ ಅಂಗಡಿಯವರೂ ಅಷ್ಟೆ, ಶಿರಾಳಕೊಪ್ಪದವರೂ ಅಷ್ಟೆ, ಸೊರಬ ಪೇಟೆಯವರೂ ಅಷ್ಟೆ. ಬೀಗ ಜಗ್ಗದೆ ಮನೆಗೆ ಹೋದ ವ್ಯಾಪಾರಿಗೆ ಉಂಡ ಅನ್ನ ಮೈಗೆ ಹತ್ತದು.

ಆದರೆ ಅದೇ ವ್ಯಾಪಾರಿಗೆ ಈಗ ಇನ್ನೊಂದು ಅಂಗಡಿಯೂ ಇದೆ. ಬೋರ್ಡಿನ ಮೇಲೆ ಫೋನ್ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಸಿದ ಅಂಗಡಿ. ಅದೇ ವೆಬ್‌ಸೈಟು. ಅದಕ್ಕೆ ಷಟರ್ ಇಲ್ಲ, ಬಾಗಿಲು ಹಾಕುವ ಹೊತ್ತಿಲ್ಲ, ಭಾನುವಾರದ ರಜೆಯೂ ಇಲ್ಲ. ಹಗಲು ರಾತ್ರಿ ತೆರೆದೇ ಇರುತ್ತದೆ. ಅದರ ಬೀಗವನ್ನು ಯಜಮಾನರು ಕಡೆಯ ಸಲ ಜಗ್ಗಿ ನೋಡಿದ್ದು ಯಾವಾಗ? ಆ ಬೀಗ ಯಾವ ಕಂಪನಿಯದು, ಯಾವ ನಂಬರಿನದು ಎಂಬುದಾದರೂ ಗೊತ್ತೇ?

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಇಬ್ಬರು ಅಕ್ಕಪಕ್ಕ ಕೂತಿದ್ದಾರೆ ಎಂದುಕೊಳ್ಳಿ. ಒಬ್ಬರು ಬೀಜ, ಗೊಬ್ಬರ ಮಾರುವ ಹಿರಿಯ ವ್ಯಾಪಾರಿ. ಇನ್ನೊಬ್ಬ ಕಂಪ್ಯೂಟರ್ ಕಲಿತು ಬಂದ ಅವರ ಅಕ್ಕನ ಮಗ. ಮಾತು ಹೀಗೆ ನಡೆದೀತು:

“ಮಾವ, ನಿಮ್ಮ ಸೈಟು ಯಾವುದರ ಮೇಲೆ ಕಟ್ಟಿದ್ದು?”

“ಯಾವುದರ ಮೇಲೆ ಅಂದ್ರೆ? ಕಂಪ್ಯೂಟರ್ ಮೇಲೆ.”

“ಅದಲ್ಲ ಮಾವ. ವರ್ಡ್‌ಪ್ರೆಸ್ಸೋ, ಜೂಮ್ಲಾನೋ? ಎಷ್ಟನೇ ಆವೃತ್ತಿ?”

“ಅದೆಲ್ಲ ನಂಗೆಂತ ಗೊತ್ತು ಮಾರಾಯ? ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರ್ಕೊಂಡ. ಫೋನ್ ಮಾಡಿದ್ರೆ ಎತ್ತಲ್ಲ.”

“ಹಾಗಾದ್ರೆ ಪಾಸ್‌ವರ್ಡು?”

“ಅದೂ ಅವನ ಹತ್ರಾನೇ ಇದೆ.”

ಇದು ಕಟ್ಟಿದ ಮಾತು ನಿಜ. ಆದರೆ ಎರಡೂ ತಾಲ್ಲೂಕುಗಳಲ್ಲಿ ಸೈಟು ಇಟ್ಟಿರುವ ಅಂಗಡಿ, ಶಾಲೆ, ಸೊಸೈಟಿ, ಲಾಡ್ಜ್, ಟ್ರಸ್ಟುಗಳವರು ತಮ್ಮ ಎದೆ ಮುಟ್ಟಿ ನೋಡಿಕೊಂಡರೆ, ಈ ಮಾವನ ಗುರುತು ಹತ್ತದವರು ಕಡಿಮೆ.

ಕಟ್ಟಿದ್ದು ಯಾರು, ಸಾಮಾನು ಯಾರದು?

ಮೊದಲು ತಿಳಿಯಬೇಕಾದ್ದು, ಸೈಟು ಮಾಡಿಕೊಟ್ಟ ಹುಡುಗ ಅದನ್ನು ಬರಿಗೈಯಿಂದ ಹುಟ್ಟಿಸಿದ್ದಲ್ಲ. ಮನೆ ಕಟ್ಟುವ ಮೇಸ್ತ್ರಿ ಬಾಗಿಲು, ಚೌಕಟ್ಟು, ಚಿಲಕಗಳನ್ನು ಸಿದ್ಧವಾಗಿಯೇ ತಂದು ಕೂಡಿಸುವುದಿಲ್ಲವೇ? ಹಾಗೆ ಸೈಟುಗಳಿಗೂ ಸಿದ್ಧ ಸಾಮಾನು ಇದೆ. ಅದರ ಹೆಸರು ವರ್ಡ್‌ಪ್ರೆಸ್, ಜೂಮ್ಲಾ, ದ್ರುಪಾಲ್ ಮುಂತಾಗಿ. ವರ್ಡ್‌ಪ್ರೆಸ್ 2003ರ ಮೇ ತಿಂಗಳಲ್ಲಿ ಹೊರಬಂದದ್ದು. ಇಂದು ಜಗತ್ತಿನ ಹತ್ತು ಸೈಟುಗಳಲ್ಲಿ ನಾಲ್ಕಕ್ಕೂ ಹೆಚ್ಚು ಅದರ ಮೇಲೆಯೇ ನಿಂತಿವೆ. ಇವೆಲ್ಲ ಪುಕ್ಕಟೆ ಸಿಗುವ ತಂತ್ರಾಂಶಗಳು. ಕೆಟ್ಟವೂ ಅಲ್ಲ. ಬಳಸಿದ್ದೇ ತಪ್ಪು ಎಂದು ಯಾರೂ ಹೇಳುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಈ ತಂತ್ರಾಂಶ ಮನುಷ್ಯರು ಬರೆದದ್ದು. ಮನುಷ್ಯರು ಬರೆದದ್ದರಲ್ಲಿ ತಪ್ಪು ಉಳಿಯುತ್ತದೆ. ಒಂದು ದಿನ ಯಾರೋ ಒಬ್ಬರು ಅದನ್ನು ಕಂಡುಹಿಡಿಯುತ್ತಾರೆ: “ಈ ಚಿಲಕವನ್ನು ಹೀಗೆ ಒತ್ತಿದರೆ ಕೀ ಇಲ್ಲದೆಯೇ ತೆರೆಯುತ್ತದೆ.” ಕೂಡಲೇ ತಯಾರಕರು ಹೊಸ ಚಿಲಕ ಮಾಡಿ ಹೊಸ ನಂಬರು ಕೊಟ್ಟು ಬಿಡುಗಡೆ ಮಾಡುತ್ತಾರೆ. ಆ ನಂಬರೇ ಆವೃತ್ತಿ. ಹೊಸ ಚಿಲಕಕ್ಕೂ ಕಾಸಿಲ್ಲ. ಹಾಕಿಕೊಂಡವನು ಬಚಾವು. ಹಾಕಿಕೊಳ್ಳದವನ ಬಾಗಿಲಿಗೆ ಹಳೆ ಚಿಲಕವೇ ಗತಿ.

ಊರಿಗೆಲ್ಲ ಡಂಗುರ

ಇಲ್ಲೊಂದು ವಿಚಿತ್ರವಿದೆ. ಹಳೆ ಚಿಲಕ ಕೆಟ್ಟಿದೆ ಎಂಬ ಸುದ್ದಿ ಗುಟ್ಟಾಗಿ ಉಳಿಯುವುದಿಲ್ಲ. ಡಂಗುರ ಸಾರಿದಂತೆ ಎಲ್ಲರಿಗೂ ಗೊತ್ತಾಗುತ್ತದೆ, ಗೊತ್ತಾಗಲೂಬೇಕು. ಇಲ್ಲದಿದ್ದರೆ ಯಜಮಾನ ಬದಲಿಸುವುದು ಹೇಗೆ? ಇಂಥ ಬಿರುಕುಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ 1999ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದಕ್ಕೆ ಸಿವಿಇ ಪಟ್ಟಿ ಎನ್ನುತ್ತಾರೆ. ಸಿವಿಇ ಎಂಬ ಅಕ್ಷರ, ಆಮೇಲೆ ಇಸವಿ, ಆಮೇಲೆ ಕ್ರಮಸಂಖ್ಯೆ. ಠಾಣೆಯ ಅಪರಾಧ ಸಂಖ್ಯೆ ಇದ್ದ ಹಾಗೆ.

ಬಿರುಕು ಎಷ್ಟು ದೊಡ್ಡದು ಎಂಬುದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕವೂ ಉಂಟು. 4ಕ್ಕಿಂತ ಕಡಿಮೆ ಇದ್ದರೆ ಸಣ್ಣದು. 7 ದಾಟಿದರೆ ಜೋರು. 9 ದಾಟಿದರೆ ಊಟ ಬಿಟ್ಟು ಎದ್ದು ಓಡಬೇಕಾದ್ದು. ಶಾಲೆಯಲ್ಲಿ ಹತ್ತಕ್ಕೆ ಹತ್ತು ಬಂದರೆ ಸಿಹಿ ಹಂಚುತ್ತಾರೆ. ಇಲ್ಲಿ ಹತ್ತಕ್ಕೆ ಹತ್ತು ಬಂದರೆ ಗ್ರಹಚಾರ ಕೆಟ್ಟಿತು ಎಂದೇ ಅರ್ಥ.

ಭಾರತದಲ್ಲಿ ಈ ಕೆಲಸಕ್ಕೆ ಕೇಂದ್ರ ಸರ್ಕಾರದ ಒಂದು ಸಂಸ್ಥೆಯೇ ಇದೆ. ಹೆಸರು ಸರ್ಟ್-ಇನ್. 2004ರ ಜನವರಿಯಿಂದ ಕೆಲಸ ಮಾಡುತ್ತಿದೆ. ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಯಾವ ಬಿರುಕು, ಎಷ್ಟು ಗಂಭೀರ, ಯಾವ ಆವೃತ್ತಿಗೆ ಏರಿಸಿಕೊಳ್ಳಬೇಕು ಎಂದು ಅದು ಸೂಚನೆ ಹೊರಡಿಸುತ್ತಲೇ ಇರುತ್ತದೆ. ಯಾರು ಬೇಕಾದರೂ ಓದಬಹುದು, ಕಾಸು ಕೊಡಬೇಕಿಲ್ಲ.

ಯಾರು ಬೇಕಾದರೂ ಅಂದರೆ ಕಳ್ಳನೂ ಓದಬಹುದು. ಓದುತ್ತಾನೆ ಕೂಡ. ಯಜಮಾನ ಓದದಿದ್ದರೂ ಕಳ್ಳ ತಪ್ಪದೆ ಓದುತ್ತಾನೆ. ಇದೇ ಈ ಕಥೆಯ ತಿರುಳು.

ಕೊನೆ ಬಸ್ಸಿಗೂ ಮೊದಲ ಬಸ್ಸಿಗೂ ನಡುವೆ

ಇದು ಬರೀ ಹೆದರಿಕೆಯ ಮಾತು ಅನ್ನುವವರು 2014ರ ಅಕ್ಟೋಬರ್ 15ರ ರಾತ್ರಿಯನ್ನು ನೋಡಬೇಕು. ದ್ರುಪಾಲ್ ತಂಡದವರು ಆ ದಿನ ಒಂದು ಭಾರಿ ಬಿರುಕಿನ ಸುದ್ದಿ ಪ್ರಕಟಿಸಿದರು. ಅವರ 7ನೇ ಸರಣಿಯಲ್ಲಿ 7.32ಕ್ಕಿಂತ ಹಿಂದಿನ ಆವೃತ್ತಿಗಳೆಲ್ಲವೂ ಅಪಾಯದಲ್ಲಿದ್ದವು. ಹೆಸರು, ಪಾಸ್‌ವರ್ಡು ಏನೂ ಇಲ್ಲದೆಯೇ ಹೊರಗಿನವನು ಒಳಗೆ ನುಗ್ಗಬಹುದಿತ್ತು. 7.32 ಹಾಕಿಕೊಂಡರೆ ಪಾರು.

ಎರಡು ವಾರ ಕಳೆದು, ಅಕ್ಟೋಬರ್ 29ರಂದು ಅದೇ ತಂಡ ಇನ್ನೊಂದು ಪ್ರಕಟಣೆ ಕೊಟ್ಟಿತು. ಸುದ್ದಿ ಹೊರಬಿದ್ದ 7 ಗಂಟೆಯೊಳಗೆ ಯಾರು ದುರಸ್ತಿ ಮಾಡಿಕೊಂಡಿಲ್ಲವೋ ಅವರು ತಮ್ಮ ಸೈಟಿಗೆ ಕಳ್ಳ ನುಗ್ಗಿದ್ದಾನೆಂದೇ ತಿಳಿದು ಮುಂದಿನ ಕೆಲಸ ನೋಡಬೇಕು ಎಂಬುದು ಅದರ ಸಾರಾಂಶ. ಏಳು ದಿನವಲ್ಲ, ಏಳು ಗಂಟೆ! ಆ ಗಡುವು ಮುಗಿದದ್ದು ಭಾರತದ ಗಡಿಯಾರದಲ್ಲಿ ಅಕ್ಟೋಬರ್ 16ರ ಬೆಳಗಿನ ಜಾವ 4.30ಕ್ಕೆ. ಅಂದರೆ ಸೊರಬದಲ್ಲಿ ಕೊನೆ ಬಸ್ಸು ಇಳಿದು ಮನೆಗೆ ಹೋಗಿ ಮಲಗಿದವನು ಬೆಳಿಗ್ಗೆ ಎದ್ದು ಹಲ್ಲುಜ್ಜುವಷ್ಟರಲ್ಲಿ ಆಟ ಮುಗಿದಿತ್ತು.

2017ರಲ್ಲಿ ವರ್ಡ್‌ಪ್ರೆಸ್ಸಿನ ಸರದಿ. 4.7 ಮತ್ತು 4.7.1 ಆವೃತ್ತಿಗಳಲ್ಲಿ ಒಂದು ಬಿರುಕು. ಹೊರಗಿನವನು ಸೈಟಿನ ಪುಟದಲ್ಲಿ ತನಗೆ ಬೇಕಾದ್ದನ್ನು ಬರೆಯಬಹುದಿತ್ತು. ದುರಸ್ತಿಯಾದ 4.7.2 ಹೊರಬಂದದ್ದು ಜನವರಿ 26ರಂದು. ಇಲ್ಲಿ ಶಾಲೆಗಳಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಸಿಹಿ ಹಂಚುವ ದಿನ. ತಯಾರಕರು ಜಾಣತನ ಮಾಡಿದರು. ಬಿರುಕಿನ ವಿವರ ಹೇಳದೆ ಸುಮಾರು ಒಂದು ವಾರ ಬಾಯಿ ಮುಚ್ಚಿಕೊಂಡಿದ್ದರು. ಅಷ್ಟರಲ್ಲಿ ಎಲ್ಲರೂ ಬದಲಿಸಿಕೊಳ್ಳಲಿ ಎಂಬ ಲೆಕ್ಕ. ಫೆಬ್ರವರಿ 1ರಂದು ವಿವರ ಹೊರಬಿತ್ತು. ಬದಲಿಸಿಕೊಳ್ಳದೆ ಉಳಿದವರ ಮೇಲೆ ಕಿಡಿಗೇಡಿಗಳು ಮುಗಿಬಿದ್ದರು. ಕೆಲವೇ ದಿನಗಳಲ್ಲಿ ಕೆಡಿಸಿದ ಪುಟಗಳ ಲೆಕ್ಕ 15 ಲಕ್ಷ ದಾಟಿತು. ತಾನೇ ತಾನಾಗಿ ಹೊಸದಾಗುವ ಏರ್ಪಾಡನ್ನು ಚಾಲೂ ಇಟ್ಟವರು ಮಾತ್ರ ನಿದ್ದೆಯಲ್ಲೇ ಬಚಾವಾಗಿದ್ದರು.

ಚೀಟಿ ಹೋಯಿತು, ಕೆಲಸ ಆಗಲಿಲ್ಲ

ದೊಡ್ಡವರು ಹುಷಾರಾಗಿರುತ್ತಾರೆ, ಸಣ್ಣವರೇ ಸಿಕ್ಕಿಬೀಳುವುದು ಎಂದೂ ತಿಳಿಯಬೇಕಿಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಕಂಪನಿಯದು ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕೆಲಸ. ಯಾರಿಗೆ ಸಾಲ ಕೊಡಬಹುದು, ಯಾರು ಕಂತು ತಪ್ಪಿಸಿದ್ದಾರೆ ಎಂಬ ಜಾತಕವೆಲ್ಲ ಅದರ ಕೈಯಲ್ಲಿ. 2017ರ ಮಾರ್ಚ್ ಮೊದಲ ವಾರದಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ಬಿರುಕು ಸಿಕ್ಕಿತು. ಅಂಕ ಹತ್ತಕ್ಕೆ ಹತ್ತು. ದುರಸ್ತಿಯೂ ಆಗಲೇ ಬಂತು. ಅಮೆರಿಕದ ಸರ್ಕಾರಿ ಸಂಸ್ಥೆ ಎಚ್ಚರಿಕೆ ಕಳಿಸಿತು. ಕಂಪನಿಯೊಳಗೂ “48 ಗಂಟೆಯಲ್ಲಿ ಸರಿಮಾಡಿ” ಎಂಬ ಚೀಟಿ ಅನೇಕರ ಮೇಜಿಗೆ ಹೋಯಿತು.

ಚೀಟಿ ಹೋಯಿತು, ಕೆಲಸ ಆಗಲಿಲ್ಲ. ಯಾವ ಯಂತ್ರದಲ್ಲಿ ಆ ತಂತ್ರಾಂಶ ಇದೆ ಎಂಬ ಸರಿಯಾದ ಪಟ್ಟಿಯೇ ಅವರ ಬಳಿ ಇರಲಿಲ್ಲ. ಹುಡುಕಿದಾಗ ಕಣ್ಣಿಗೆ ಬೀಳಲೂ ಇಲ್ಲ. ಮೇ ತಿಂಗಳಲ್ಲಿ ನುಗ್ಗಿದ ಕಳ್ಳರು ಜುಲೈ ಕೊನೆಯವರೆಗೆ ಒಳಗೇ ಇದ್ದರು. ಸುಮಾರು 14.7 ಕೋಟಿ ಜನರ ಹೆಸರು, ಹುಟ್ಟಿದ ತಾರೀಖು, ಗುರುತಿನ ಸಂಖ್ಯೆ ಹೋಯಿತು. ಕರ್ನಾಟಕದ ಒಟ್ಟು ಜನಸಂಖ್ಯೆಯ ಎರಡು ಪಟ್ಟು! ಇಷ್ಟಕ್ಕೂ ಕಾರಣ ಯಾವ ಮಾಯಾವಿಯ ಮಂತ್ರವೂ ಅಲ್ಲ. ಪುಕ್ಕಟೆ ಸಿಗುತ್ತಿದ್ದ ಹೊಸ ಆವೃತ್ತಿಯನ್ನು ಎರಡು ತಿಂಗಳಾದರೂ ಹಾಕಿಕೊಳ್ಳದೆ ಇದ್ದದ್ದು.

ಸರ್ಕಾರಿ ಕಚೇರಿಯ ಟಪಾಲು ಕಂಡವರಿಗೆ ಇದು ಹೊಸ ಕಥೆಯಲ್ಲ. “ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ” ಎಂದು ಬರೆದ ಕಾಗದ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ. ಸಂಬಂಧಪಟ್ಟವನು ಯಾರು ಎಂಬುದೊಂದು ಬಿಟ್ಟು ಎಲ್ಲವೂ ಅದರಲ್ಲಿ ಬರೆದಿರುತ್ತದೆ.

ನಮ್ಮೂರಿಗೆ ಯಾರು ಬರ್ತಾರೆ?

“ಅಮೆರಿಕದ ಕಥೆ ಬಿಡಿ ಸ್ವಾಮಿ. ಶಿಕಾರಿಪುರದ ಗೊಬ್ಬರದ ಅಂಗಡಿ, ಆನವಟ್ಟಿಯ ಬಟ್ಟೆ ಅಂಗಡಿ ಹುಡುಕ್ಕೊಂಡು ಯಾವ ಕಳ್ಳ ಬರ್ತಾನೆ?” ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕೇಳುವುದು ನ್ಯಾಯವೇ.

ಉತ್ತರ ಇಷ್ಟೆ: ಕಳ್ಳ ಅಂಗಡಿಯ ಹೆಸರು ಹಿಡಿದು ಹುಡುಕುವುದಿಲ್ಲ, ಬೀಗದ ನಂಬರು ಹಿಡಿದು ಹುಡುಕುತ್ತಾನೆ. ಹುಡುಕುವುದಕ್ಕೆ ಅವನು ಖುದ್ದಾಗಿ ಬರುವುದೂ ಇಲ್ಲ. ಯಂತ್ರಕ್ಕೆ ಹೇಳಿ ಮಲಗುತ್ತಾನೆ. ಅದು ರಾತ್ರಿಯೆಲ್ಲ ಲಕ್ಷಗಟ್ಟಲೆ ಸೈಟುಗಳ ಬಾಗಿಲು ತಟ್ಟಿ, “ಇಲ್ಲಿ ಇಂಥ ಹಳೆ ಆವೃತ್ತಿ ಇದೆಯೇ?” ಎಂದು ಕೇಳುತ್ತ ಹೋಗುತ್ತದೆ. ಅನೇಕ ಸೈಟುಗಳು ತಮ್ಮ ಆವೃತ್ತಿಯ ನಂಬರನ್ನು ಪುಟದ ಒಳಬರಹದಲ್ಲಿ ತಾವೇ ಬರೆದುಕೊಂಡಿರುತ್ತವೆ. ಅದು ನ್ಯೂಯಾರ್ಕೋ ಆನವಟ್ಟಿಯೋ ಎಂಬ ಭೇದ ಆ ಯಂತ್ರಕ್ಕಿಲ್ಲ. ಬಲೆ ಬೀಸುವವನು ಮೀನಿನ ಊರು ಕೇಳುವುದುಂಟೇ?

ಸಿಕ್ಕಿದ ಸಣ್ಣ ಸೈಟಿನಿಂದ ಅವನಿಗೇನು ಲಾಭ? ಬೇಕಾದಷ್ಟಿದೆ. ಗಿರಾಕಿಗಳ ಫೋನ್ ನಂಬರು, ವಿಳಾಸ ಕದ್ದು ಮಾರಬಹುದು. ನಿಮ್ಮ ಪುಟ ತೆರೆದವರನ್ನು ಜೂಜಿನ ಪುಟಕ್ಕೆ ದಾಟಿಸಬಹುದು. ದುಡ್ಡು ಕಟ್ಟಲು ನೀವು ಹಾಕಿದ ಚೌಕುಳಿ ಚಿತ್ರ, ಅದೇ ಕ್ಯೂಆರ್ ಕೋಡು, ಅದನ್ನು ತೆಗೆದು ತನ್ನದನ್ನು ಅಂಟಿಸಬಹುದು. ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ದೂರದೂರಿನಲ್ಲೂ ಹೆಸರಿದೆ. ಅಂಥ ಕೆತ್ತನೆಯನ್ನು ಸೈಟಿನಲ್ಲಿ ಮಾರಲು ಇಟ್ಟಿದ್ದಾರೆ ಎಂದುಕೊಳ್ಳಿ. ಮುಂಬಯಿಯ ಗಿರಾಕಿ ದುಡ್ಡು ಕಟ್ಟುತ್ತಾನೆ. ದುಡ್ಡು ಯಾರದೋ ಖಾತೆಗೆ ಹೋಗುತ್ತದೆ. ಗಿರಾಕಿಯ ಬಾಯಲ್ಲಿ ಕಳ್ಳನ ಹೆಸರು ಬರುವುದಿಲ್ಲ, ಅಂಗಡಿಯ ಹೆಸರೇ ಬರುತ್ತದೆ. ಇನ್ನು ಗೂಗಲ್ಲಿನವರಿಗೆ ವಾಸನೆ ಹತ್ತಿದರೆ ನಿಮ್ಮ ಪುಟದ ಮುಂದೆ ಕೆಂಪು ಎಚ್ಚರಿಕೆ ನಿಲ್ಲಿಸುತ್ತಾರೆ. ಮೂರು ತಲೆಮಾರಿನ ಅಂಗಡಿಯ ಹೆಸರಿಗೆ ಮೂರು ನಿಮಿಷದಲ್ಲಿ ಮಸಿ.

ಕರ್ನಾಟಕಕ್ಕೂ ಇದರ ಬಿಸಿ ತಟ್ಟದೆ ಉಳಿದಿಲ್ಲ. 2019ರಲ್ಲಿ ರಾಜ್ಯ ಸರ್ಕಾರದ ಟೆಂಡರು ನಡೆಸುವ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ಲಿಗೇ ಕನ್ನ ಹಾಕಿ, ಗುತ್ತಿಗೆದಾರರು ಕಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಲಪಟಾಯಿಸಲಾಯಿತು. ಸಿಐಡಿ ತನಿಖೆಯಾಯಿತು, ವಿಧಾನಸೌಧದಲ್ಲಿ ಗದ್ದಲವಾಯಿತು. ಸರ್ಕಾರದ ಖಜಾನೆಯ ಬಾಗಿಲಿಗೇ ಕೈ ಹಾಕಿದವರು ಅಂಗಡಿಯ ಬಾಗಿಲು ನೋಡಿ ಅಂಜುವರೇ?

ಐದು ನಿಮಿಷದ ಕೆಲಸ

ಹಾಗಾದರೆ ಮಾಡುವುದೇನು? ಕಾಶಿಗೆ ಹೋಗಬೇಕಿಲ್ಲ, ಬೆಂಗಳೂರಿಗೂ ಹೋಗಬೇಕಿಲ್ಲ. ಕೆಲಸ ಮೂರೇ: ನಂಬರು ಓದುವುದು, ಪಟ್ಟಿಗೆ ಹೋಲಿಸುವುದು, ಹಳತಾಗಿದ್ದರೆ ಬದಲಿಸುವುದು.

ನಂಬರು ಓದುವುದು: ವರ್ಡ್‌ಪ್ರೆಸ್ ಸೈಟಾದರೆ ಯಜಮಾನನ ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬೇಕು. ಮೊದಲು ತೆರೆಯುವ ಪುಟಕ್ಕೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಅದರ ಕೆಳಗೆ ಬಲಮೂಲೆಯಲ್ಲಿ ಆವೃತ್ತಿಯ ನಂಬರು ಇರುತ್ತದೆ. ಹೊಸದು ಬಂದಿದ್ದರೆ ಅದೂ ಅಲ್ಲೇ ಕಾಣುತ್ತದೆ. 2019ರಿಂದ ಈಚಿನ ಆವೃತ್ತಿಗಳಲ್ಲಿ ಟೂಲ್ಸ್ ಎಂಬಲ್ಲಿ ಸೈಟ್ ಹೆಲ್ತ್ ಎಂಬ ಪುಟವೂ ಇದೆ. ಆಸ್ಪತ್ರೆಯ ಚೀಟಿಯ ಹಾಗೆ ಎಲ್ಲಿ ನೋವಿದೆ ಎಂದು ಅದು ಹೇಳುತ್ತದೆ. ದ್ರುಪಾಲಿನಲ್ಲಾದರೆ ರಿಪೋರ್ಟ್ಸ್ ಎಂಬಲ್ಲಿ ನೋಡಬೇಕು. 2011ರಲ್ಲಿ ಬಂದ ದ್ರುಪಾಲಿನ 7ನೇ ಸರಣಿಗೆ 2025ರ ಜನವರಿ 5ರಂದು ಆಯುಷ್ಯ ಮುಗಿದಿದೆ. ಇನ್ನೂ ಅದರಲ್ಲೇ ಇರುವವರು ನಂಬರು ಹೋಲಿಸುವ ತೊಂದರೆಯನ್ನೇ ತೆಗೆದುಕೊಳ್ಳಬೇಕಿಲ್ಲ. ಮನೆಯನ್ನೇ ಬದಲಿಸಬೇಕು.

ಬರೀ ಮುಂಬಾಗಿಲು ನೋಡಿದರೆ ಸಾಲದು. ಸೈಟಿಗೆ ಆಮೇಲೆ ಅಂಟಿಸಿದ ಸಣ್ಣಪುಟ್ಟ ಸಾಮಾನುಗಳಿರುತ್ತವೆ. ಫೋಟೋ ಜಾರಿಸುವುದಕ್ಕೊಂದು, ಅರ್ಜಿ ತುಂಬಿಸುವುದಕ್ಕೊಂದು, ದುಡ್ಡು ಕಟ್ಟಿಸುವುದಕ್ಕೊಂದು. ಇವಕ್ಕೆ ಪ್ಲಗಿನ್ ಎಂದು ಹೆಸರು. ವರ್ಡ್‌ಪ್ರೆಸ್ ಸೈಟುಗಳಲ್ಲಿ ಈಚಿನ ವರ್ಷಗಳಲ್ಲಿ ಹೆಚ್ಚಿನ ಬಿರುಕು ಸಿಗುತ್ತಿರುವುದು ಈ ಪ್ಲಗಿನ್ನುಗಳಲ್ಲೇ. ಮುಂಬಾಗಿಲಿಗೆ ಅಲಿಗಢದ ಬೀಗ ಹಾಕಿ ಹಿತ್ತಿಲಿಗೆ ತೆಂಗಿನ ಗರಿ ಅಡ್ಡ ಇಟ್ಟ ಹಾಗೆ. ಬಳಸದೆ ಬಿಟ್ಟವನ್ನು ಕಿತ್ತು ಹಾಕಬೇಕು, ಬಳಸುವವನ್ನು ಹೊಸದು ಮಾಡಬೇಕು. ಇದೆಲ್ಲದರ ಅಡಿಪಾಯದಲ್ಲಿ ಪಿಎಚ್‌ಪಿ ಎಂಬುದೊಂದಿದೆ. ಅದರದ್ದೂ ನಂಬರು ನೋಡಬೇಕು. ಅದರ 7.4 ಆವೃತ್ತಿಗೆ ದುರಸ್ತಿ ನಿಂತು 2022ರ ನವೆಂಬರಿಗೇ ಆಯಿತು.

ಹೋಲಿಸುವುದು: ಇಲ್ಲಿ ವ್ಯಾಪಾರಿಗಳು ಎಡವುವ ಜಾಗ ಒಂದಿದೆ. 7.9 ದೊಡ್ಡದೋ, 7.32 ದೊಡ್ಡದೋ? ತಕ್ಕಡಿಯ ಲೆಕ್ಕದಲ್ಲಿ 7.9 ಕಿಲೋ ದೊಡ್ಡದು. ಇಲ್ಲಿ ಹಾಗಲ್ಲ. ಇದು ಜಮೀನಿನ ಸರ್ವೆ ನಂಬರಿನ ಹಿಸ್ಸಾ ಇದ್ದಂತೆ. 7ರಲ್ಲಿ 9ನೇದು ಮೊದಲು ಆದದ್ದು, 32ನೇದು ಆಮೇಲೆ ಆದದ್ದು. ಹಾಗಾಗಿ 7.9 ಎಂದರೆ ಮುದಿ, 7.32 ಎಂದರೆ ಕಿರಿಯ. ಸೂಚನೆಯಲ್ಲಿ “7.32ಕ್ಕಿಂತ ಹಿಂದಿನವು” ಎಂದಿದ್ದರೆ 7.9 ಇಟ್ಟುಕೊಂಡವನು ಗಂಡಾಂತರದಲ್ಲಿದ್ದಾನೆ ಎಂದೇ ಅರ್ಥ.

ಬದಲಿಸುವುದು: “ಹೋದ ಸಲ ಅಪ್‌ಡೇಟ್ ಒತ್ತಿದೆ, ಸೈಟೇ ಮಲಗಿಬಿಡ್ತು” ಎಂಬ ಭಯ ಕೆಲವರಿಗೆ. ಭಯ ಸುಳ್ಳಲ್ಲ. ಹೊಸ ಚಿಲಕ ಹಳೆ ಚೌಕಟ್ಟಿಗೆ ಕೂರದೆ ಇರುವುದುಂಟು. ಅದಕ್ಕೇ ಮೊದಲು ಇಡೀ ಸೈಟಿನ ಒಂದು ನಕಲು ತೆಗೆದು ಬೇರೆ ಕಡೆ ಇಟ್ಟುಕೊಳ್ಳಬೇಕು. ಕೆಟ್ಟರೆ ಹಿಂದಕ್ಕೆ ಬರಬಹುದು. ಸಣ್ಣ ದುರಸ್ತಿಗಳನ್ನು ವರ್ಡ್‌ಪ್ರೆಸ್ 2013ರಿಂದ ತಾನೇ ಹಾಕಿಕೊಳ್ಳುತ್ತದೆ. 2020ರಿಂದ ಪ್ಲಗಿನ್ನುಗಳಿಗೂ ಆ ಸೌಕರ್ಯ ಚಾಲೂ ಮಾಡಬಹುದು. ಯಾರೋ ಅದನ್ನು ಬಂದ್ ಮಾಡಿಟ್ಟಿದ್ದರೆ ಮಾತ್ರ ಕಷ್ಟ.

ನಂಬರೂ ಸುಳ್ಳು ಹೇಳೀತು

ಎರಡು ಎಚ್ಚರಿಕೆ. ಒಂದು, ನಂಬರು ಹೊಸದಾದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಯಿತು ಎಂದಲ್ಲ. ಹಳೆ ಚಿಲಕ ಇದ್ದಾಗಲೇ ಕಳ್ಳ ಒಳಗೆ ಬಂದು ಅಟ್ಟದ ಮೇಲೆ ಕೂತಿದ್ದರೆ, ಹೊಸ ಚಿಲಕ ಹಾಕಿದಾಗ ಅವನನ್ನು ಒಳಗೇ ಇಟ್ಟು ಬೀಗ ಹಾಕಿದಂತೆ. 2014ರಲ್ಲಿ ದ್ರುಪಾಲ್ ತಂಡ ಎಚ್ಚರಿಸಿದ್ದೂ ಇದನ್ನೇ. ತಡವಾಗಿ ಬದಲಿಸಿದವರು ಗುರುತಿಲ್ಲದ ಹೆಸರಿನ ಯಜಮಾನರು ಯಾರಾದರೂ ಪಟ್ಟಿಯಲ್ಲಿ ಸೇರಿದ್ದಾರೆಯೇ ಎಂದು ನೋಡಬೇಕು, ಪಾಸ್‌ವರ್ಡುಗಳನ್ನೆಲ್ಲ ಬದಲಿಸಬೇಕು, ಅನುಮಾನವಿದ್ದರೆ ತಿಳಿದವರಿಂದ ಒಳಗೆಲ್ಲ ಗುಡಿಸಿಸಬೇಕು. ಇದಕ್ಕೆ ತಿರುಗುಮುರುಗೂ ಉಂಟು. ಸೈಟು ಕೂತಿರುವ ಯಂತ್ರದ ಕೆಲವು ತಂತ್ರಾಂಶಗಳಲ್ಲಿ ನಂಬರು ಹಳೆಯದೇ ಇದ್ದರೂ ಒಳಗಿನ ಬಿರುಕಿಗೆ ಮಾತ್ರ ತೇಪೆ ಹಾಕಿರುತ್ತಾರೆ. ಹಾಗಾಗಿ ಯಂತ್ರ ಬಾಡಿಗೆಗೆ ಕೊಟ್ಟವರನ್ನು ಒಂದು ಮಾತು ಕೇಳಿಯೇ ತೀರ್ಮಾನಕ್ಕೆ ಬರಬೇಕು.

ಎರಡನೆಯದು ಹುಡುಗರಿಗೆ. ನಿಮ್ಮ ಸೈಟಿನ ಬೀಗ ನೀವು ಜಗ್ಗಬಹುದು, ಯಜಮಾನ ಒಪ್ಪಿ ಹೇಳಿದರೆ ಅವನದ್ದನ್ನೂ ಜಗ್ಗಬಹುದು. ಕೇಳದೆ ಕಂಡವರ ಬಾಗಿಲು ಜಗ್ಗಿ, “ಪರೀಕ್ಷೆಗೆ ನುಗ್ಗಿ ನೋಡಿದೆ ಸಾರ್” ಎಂದರೆ ಪೊಲೀಸರು ಬೆನ್ನು ತಟ್ಟುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗಿದ್ದಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಳ್ಳತನ ಆಗಿಯೇ ಹೋದರೆ ಬಾಯಿ ಮುಚ್ಚಿ ಕೂರುವುದೂ ತಪ್ಪು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ದುಡ್ಡು ಕೈಯಿಂದ ಕೈಗೆ ದಾಟುತ್ತದೆ. ಶಿವಮೊಗ್ಗದಲ್ಲಿ ಸಿಇಎನ್ ಠಾಣೆ ಇದೆ. ಕಂಪನಿ, ಸಂಸ್ಥೆಗಳಾದರೆ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ಆದೇಶವೇ ಇದೆ.

ಮುದ್ರೆ ಹಾಕಿಸುವವರು ಯಾರು?

ತಕ್ಕಡಿಯ ಮಾತಿಗೆ ಬರೋಣ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಕಬ್ಬಿಣದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ. ಮುದ್ರೆ ಇಲ್ಲದಿದ್ದರೆ ದಂಡ. ಶಿರಾಳಕೊಪ್ಪಕ್ಕೆ ಓಡುವ ಬಸ್ಸಿಗೂ ಎಫ್.ಸಿ. ಬೇಕು. ಆದರೆ ಊರ ಜನರ ಹೆಸರು, ನಂಬರು, ದುಡ್ಡಿನ ವ್ಯವಹಾರ ಹೊತ್ತು ನಿಂತ ಸಣ್ಣ ಅಂಗಡಿಯ ಸೈಟಿಗೆ ಮುದ್ರೆ ಹಾಕುವ ಇನ್‌ಸ್ಪೆಕ್ಟರು ಯಾರೂ ಬರುವುದಿಲ್ಲ. ಯಜಮಾನನೇ ಇನ್‌ಸ್ಪೆಕ್ಟರಾಗಬೇಕು.

ಹಾಗೆಂದು ಕಾನೂನು ಕಣ್ಣು ಮುಚ್ಚಿ ಕೂತಿದೆ ಎಂದಲ್ಲ. ಜನರ ಖಾಸಗಿ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ತಕ್ಕ ಕಾವಲು ಇಡದೆ ಮಾಹಿತಿ ಸೋರಲು ಬಿಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಅದರಲ್ಲಿದೆ. ಅಷ್ಟು ದೊಡ್ಡ ದಂಡ ಸೊರಬದ ಅಂಗಡಿಯ ಮೇಲೆ ಬೀಳಲಿಕ್ಕಿಲ್ಲ. ಆದರೆ “ನಂಗೆಂತ ಗೊತ್ತು ಮಾರಾಯ” ಎಂಬ ಉತ್ತರ ಇನ್ನು ನಡೆಯುವುದಿಲ್ಲ ಎಂಬುದಂತೂ ಖಂಡಿತ.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ತಂತ್ರದ ಕೆಲಸವಲ್ಲ, ವ್ಯವಹಾರದ ಕೆಲಸ. ಸೈಟು ಮಾಡಿಸುವಾಗ ಹೆಚ್ಚಿನವರು ಕೇಳುವುದು “ಎಷ್ಟಾಗುತ್ತೆ? ಯಾವಾಗ ಕೊಡ್ತೀರಿ?” ಎಂಬ ಎರಡೇ ಪ್ರಶ್ನೆ. ಮೂರನೆಯದೊಂದು ಕೇಳಬೇಕು: “ಆಮೇಲೆ ನೋಡಿಕೊಳ್ಳೋರು ಯಾರು?” ವರ್ಷದ ನಿರ್ವಹಣೆಗೆ ಎಷ್ಟು, ದುರಸ್ತಿ ಬಂದ ಎಷ್ಟು ದಿನದೊಳಗೆ ಹಾಕಬೇಕು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಸೈಟಿನ ಹೆಸರು ನೋಂದಣಿ ಆಗಿರುವುದು ಅಂಗಡಿಯ ಹೆಸರಿನಲ್ಲೋ, ಹುಡುಗನ ಹೆಸರಿನಲ್ಲೋ? ಪಾಸ್‌ವರ್ಡು ಯಾರ ಹತ್ತಿರ? ಜಮೀನಿನ ಪಹಣಿ ಬೇರೆಯವನ ಹೆಸರಿನಲ್ಲಿದ್ದರೆ ನಿದ್ದೆ ಬರುತ್ತದೆಯೇ? ಇದೂ ಪಹಣಿಯೇ.

ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದು ಸಲ ಹತ್ತು ಸಾವಿರ ಕೊಟ್ಟು, ಹತ್ತು ವರ್ಷ ಪುಕ್ಕಟೆ ಕಾವಲು ಕಾಯಿ ಎಂದರೆ ಯಾವ ಹುಡುಗ ಕಾಯ್ದಾನು? ಗೂರ್ಖನಿಗೂ ತಿಂಗಳಿಗಿಷ್ಟು ಅಂತ ಕೊಡುವ ಪೇಟೆ ಇದು. ಕಂಪ್ಯೂಟರ್ ಕಲಿತು ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಎರಡೂ ತಾಲ್ಲೂಕಿನಲ್ಲಿ ಇದ್ದಾರೆ. ಒಂದು ಬೀದಿಯ ಹತ್ತು ಅಂಗಡಿಯವರು ಒಟ್ಟು ಸೇರಿ ಒಬ್ಬರನ್ನು ಗೊತ್ತು ಮಾಡಿಕೊಂಡರೆ, ತಿಂಗಳಿಗೊಮ್ಮೆ ಹತ್ತೂ ಬೀಗ ಜಗ್ಗಿ ನೋಡಿ ಚೀಟಿ ಬರೆದುಕೊಡಲು ಅರ್ಧ ದಿನ ಸಾಕು. ವರ್ತಕರ ಸಂಘಗಳು, ಸಹಕಾರ ಸಂಘಗಳು ಈ ಬಗ್ಗೆ ಯೋಚಿಸಬಾರದೇಕೆ? ವಾರ್ಷಿಕ ಮಹಾಸಭೆಯಲ್ಲಿ ಕಾಫಿ, ಬಿಸ್ಕೆಟಿನ ಖರ್ಚಿನ ಮೇಲೆ ಗಂಟೆಗಟ್ಟಲೆ ಜಗಳಾಡುವ ಸದಸ್ಯರು, “ನಮ್ಮ ಸೊಸೈಟಿ ಸೈಟಿನ ಆವೃತ್ತಿ ಎಷ್ಟು ಅಧ್ಯಕ್ಷರೇ?” ಎಂದು ಒಂದು ಸಲ ಎದ್ದು ಕೇಳಿದರೆ ನಷ್ಟವೇನಿಲ್ಲ.

ಬಸ್ಸಿನಲ್ಲಿ ಕೂತ ಆ ಮಾವ-ಅಳಿಯರ ಮಾತು ಮುಗಿಯುವಷ್ಟರಲ್ಲಿ ಸೊರಬ ಬಂದೀತು. ಇಳಿಯುವ ಮುಂಚೆ ಮಾವ ಕೇಳಬೇಕಾದ್ದು ಇಷ್ಟೆ: “ಅಲ್ವೋ, ಆ ನಂಬರು ನೋಡೋದು ಹೇಗೆ ಅಂತ ಹೇಳಿದ್ಯಲ್ಲ, ಇವತ್ತು ಸಂಜೆ ಅಂಗಡಿಗೆ ಬಾ. ಷಟರ್ ಎಳೆಯೋ ಮುಂಚೆ ಅದನ್ನೂ ಒಂದ್ಸಲ ಜಗ್ಗಿ ನೋಡಿಬಿಡೋಣ.”

ಎರಡೂ ತಾಲ್ಲೂಕಿನ ಯಜಮಾನರು ಇತ್ತ ಗಮನ ಹರಿಸುವರೇ?